ಸ್ನ್ಯಾಪ್ 4ಡಿಎಕ್ಸ್ ಪ್ಲಸ್: ಕಣ್ಣು ಕೆಂಪಾದ ನಾಯಿಗೆ ಎಷ್ಟು ಉಪಯೋಗ?

ಉಣ್ಣಿ ಹತ್ತಿದ ನಾಯಿಯ ಕಣ್ಣು ಕೆಂಪಾಗಿ ಮಂಜಾದರೆ ಬರೀ ಡ್ರಾಪ್ಸ್ ಹಾಕಿ ಸುಮ್ಮನಾಗಬಾರದು, ರಕ್ತ ಪರೀಕ್ಷಿಸಬೇಕು. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಕಣ್ಣಿನೊಳಗೆ ಉರಿಯೂತ ತರುತ್ತದೆ. ಪ್ಲೇಟ್‌ಲೆಟ್ ಕುಸಿದರೆ ಅಕ್ಷಿಪಟದಲ್ಲೂ ರಕ್ತ ಒಸರಬಹುದು. ಎರ್ಲಿಕಿಯಾ, ಹೃದಯಹುಳು ಮುಂತಾದ ಸೋಂಕುಗಳನ್ನು ಬೇರೆ ಬೇರೆ ಚುಕ್ಕೆಗಳಲ್ಲಿ ತೋರಿಸುವ ಐಡೆಕ್ಸ್ ಕಂಪನಿಯ ಸ್ನ್ಯಾಪ್ 4ಡಿಎಕ್ಸ್ ಪ್ಲಸ್ ಕಿಟ್ ಕ್ಲಿನಿಕ್ಕಿನಲ್ಲೇ ಉತ್ತರ ಕೊಡುತ್ತದೆ.

ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಟ್ಯೂಬಿಗೆ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ರಕ್ತ 3 ಹನಿ, ಕಿಟ್ ಜೊತೆ ಬರುವ ಕಾಂಜುಗೇಟ್ ದ್ರಾವಣ 4 ಹನಿ ಹಾಕಿ. ಟ್ಯೂಬನ್ನು ಮೂರರಿಂದ ಐದು ಸಲ ಮೆಲ್ಲಗೆ ತಲೆಕೆಳಗು ಮಾಡಿ ಕುಳಿಗೆ ಸುರಿಯಿರಿ. ಸೂಚಕ ವೃತ್ತದಲ್ಲಿ ಬಣ್ಣ ಕಂಡ ಕ್ಷಣವೇ ಗುಂಡಿ ಒತ್ತಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 8 ನಿಮಿಷಕ್ಕೆ ಓದಿ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಚುಕ್ಕೆ ಮೂಡದಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ದೊಡ್ಡ ಕೊರತೆಯೆಂದರೆ, ನಮ್ಮ ಕಡೆ ಸಾಮಾನ್ಯವಾದ ಬೇಬಿಸಿಯಾ, ಹೆಪಟೋಜೂನ್ ಎಂಬ ರಕ್ತದ ಪರಾವಲಂಬಿಗಳು ಇದರಲ್ಲಿ ಇಲ್ಲ. ಅಮೆರಿಕದವರಿಗೆ ಬೇಕಾದ ಲೈಮ್ ಎಂಬ ಉಣ್ಣಿ ರೋಗವೇನೋ ಇದೆ! ಹಾಗಾಗಿ ಕಿವಿಯಂಚಿನ ರಕ್ತದ ಸ್ಮಿಯರ್ (ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಸಾಧ್ಯವಾದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಜೊತೆಗಿರಲಿ. ಎರ್ಲಿಕಿಯಾಕ್ಕೆ ಈ ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಸೋಂಕಿನ ಮೊದಲ ವಾರಗಳಲ್ಲಿ ನೆಗೆಟಿವ್ ಬರಬಹುದು, ವಾಸಿಯಾದ ನಂತರವೂ ತಿಂಗಳುಗಟ್ಟಲೆ ಪಾಸಿಟಿವ್ ಉಳಿಯುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಇದನ್ನೇ ಮತ್ತೆ ಮಾಡಿಸುವುದು ದುಡ್ಡು ದಂಡ. ಪ್ಲೇಟ್‌ಲೆಟ್ ಎಣಿಕೆ ನೋಡಿ. ಹೃದಯಹುಳು ಚುಕ್ಕೆಯೂ ಸೋಂಕಾಗಿ ಸುಮಾರು ಆರು ತಿಂಗಳಾಗುವವರೆಗೆ ಮೂಡದು.

ಎರ್ಲಿಕಿಯಾ ಖಚಿತವಾದರೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನು ಕಿಲೋ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ.ನಂತೆ 28 ದಿನ ಬರೆಯುತ್ತಾರೆ. ಸ್ಟೀರಾಯ್ಡ್ ಡ್ರಾಪ್ಸ್‌ಗೆ ಮುನ್ನ ಫ್ಲೋರೆಸೀನ್ ಎಂಬ ಬಣ್ಣ ಹಾಕಿ ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹುಣ್ಣಿಲ್ಲವೆಂದು ನೋಡಲೇಬೇಕು.