ಚಪಾತಿ, ಪಾವು, ಟೈಲ್ಸ್, ಸೂತ್ರ: ವಿಷಮ ಭಿನ್ನರಾಶಿಗೆ ಯಾವುದು ಒಗ್ಗಿತು?

ಬೇಸಿಗೆ ರಜೆಗೆ ಅಕ್ಕನ ಮಗಳು ನಮ್ಮನೆಗೆ ಬಂದಿದ್ದಳು. ಐದನೇ ಕ್ಲಾಸು ಮುಗಿಸಿ ಆರಕ್ಕೆ ಹೋಗುವವಳು. ಎದುರು ಮನೆಯ ಹುಡುಗನೂ ಅದೇ ಕ್ಲಾಸು. 17/5 ಅನ್ನೋ ವಿಷಮ ಭಿನ್ನರಾಶಿಯನ್ನು ಮಿಶ್ರ ಭಿನ್ನರಾಶಿ ಮಾಡಿ, ಅಂದರೆ ಪೂರ್ಣಾಂಕ ಬೇರೆ, ಉಳಿದ ಭಿನ್ನ ಬೇರೆ ಮಾಡಿ ಬರೆಯಿರಿ ಅಂದೆ. ಅವಳು 2⅗ ಬರೆದಳು, ಅವನು 3⅖ ಬರೆದ. ಅವನದು ಸರಿ. ‘ಅವಳದ್ದು ಯಾಕೆ ತಪ್ಪು, ಹೇಳು ನೋಡೋಣ’ ಅಂದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ರಜೆ ಪೂರ್ತಿ ಒಂದೊಂದೇ ದಾರಿ ಹಿಡಿದು ಇಬ್ಬರ ಮೇಲೂ ಪ್ರಯೋಗ ಮಾಡಿದೆ.

ಶಾಲೆಯಲ್ಲಿ ಇಬ್ಬರೂ ಕಲಿತಿದ್ದು ಸೂತ್ರ. ಅಂಶವನ್ನು (ಮೇಲಿನದನ್ನು) ಛೇದದಿಂದ (ಕೆಳಗಿನದರಿಂದ) ಭಾಗಿಸು. ಭಾಗಲಬ್ಧ ಮುಂದೆ, ಶೇಷ ಮೇಲೆ, ಛೇದ ಇದ್ದಂತೆ ಕೆಳಗೆ. ವಾಪಸ್ ಬರಲು ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶ ಕೂಡಿಸು. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. 137/8 ಬಂದರೆ ಹದಿನೇಳೆಂಟ್ಲ 136, ಉಳಿದದ್ದು ಒಂದು, 17⅛, ಮುಗೀತು. ಆದರೆ 17/5 ರ ಭಾಗಾಕಾರದ ಲೆಕ್ಕದಲ್ಲಿ 5, 3, 2 ಮೂರೂ ಮೂರು ಮೂಲೆಯಲ್ಲಿ ಕೂತಿರುತ್ತವೆ. ಯಾವುದನ್ನು ಎಲ್ಲಿಗೆ ಎತ್ತಿಡಬೇಕು ಅನ್ನುವುದು ಬರೀ ನೆನಪಿನ ಮಾತು. ನಮ್ಮವಳು ಭಾಗಲಬ್ಧ, ಶೇಷ ಅದಲುಬದಲು ಮಾಡಿದ್ದಳು, ಅಷ್ಟೇ. ವಾಪಸ್ ಬರುವಾಗ ಇನ್ನೊಂದು ಎಡವಟ್ಟು: 3⅖ ಕ್ಕೆ ಮೂರೆರಡ್ಲ ಆರು, ಐದು ಕೂಡಿಸಿ 11/5. ‘ಗುಣಿಸೋದು ಯಾಕೆ?’ ಅಂತ ಕೇಳಿದರೆ ‘ಹಾಗೇ ಮಾಡಬೇಕು ಚಿಕ್ಕಮ್ಮ’ ಅಂದಳು.

ಹೆಸರಿನದೂ ಒಂದು ತೊಡಕಿದೆ. ‘8/4 ಹೇಗೆ ವಿಷಮ? ಎಂಟು ಸಮಸಂಖ್ಯೆ ಅಲ್ವಾ?’ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ವಿಷಮ ಅಂದರೆ ಬೆಸ ಅಲ್ಲ, ಮೇಲಿನದು ಕೆಳಗಿನದಕ್ಕಿಂತ ಚಿಕ್ಕದಾಗಿಲ್ಲ ಅಂತಷ್ಟೇ ಅರ್ಥ ಎಂದು ಹೇಳಿ ಮುಂದೆ ಹೋದೆ.

ಚಪಾತಿಯ ಮೇಲೆ ನನಗೆ ಬಹಳ ಭರವಸೆಯಿತ್ತು. ಎರಡು ಚಪಾತಿ, ಒಂದೊಂದನ್ನೂ ನಾಲ್ಕು ಚೂರು ಮಾಡಿ, ಏಳು ಚೂರು ಎತ್ತಿಕೊಟ್ಟು ಎಷ್ಟು ಅಂತ ಕೇಳಿದೆ. 7/4 ಅನ್ನುತ್ತಾರೆ ಅಂದುಕೊಂಡಿದ್ದೆ. ಹುಡುಗ ಥಟ್ಟನೆ ‘ಏಳು ಬೈ ಎಂಟು’ ಅಂದ. ‘ಎಂಟು ಚೂರಲ್ಲಿ ಏಳು ಅಲ್ವಾ ಆಂಟಿ?’ ರೇಗುವ ಹಾಗೂ ಇಲ್ಲ. ಎರಡೂ ಚಪಾತಿ ಸೇರಿ ‘ಒಂದು’ ಅಂದುಕೊಂಡರೆ ಅವನು ಹೇಳಿದ್ದೇ ಸರಿ. ಯಾವುದು ‘ಒಂದು’ ಅನ್ನುವುದನ್ನು ನಾನೇ ಹೇಳಿರಲಿಲ್ಲ. ಆಮೇಲೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಚಪಾತಿ ಇಟ್ಟು ದಾರಿಗೆ ತಂದೆ. ಐದು ಪಾಲು ಮಾಡುವ ಹೊತ್ತಿಗೆ ಚಪಾತಿಯ ಆಟ ಮುಗಿಯಿತು. ದುಂಡಗಿನದನ್ನು ಐದು ಸಮಪಾಲು ಮಾಡುವುದು ನನ್ನಿಂದಾಗದು. ಹತ್ತು ಸೆಂಟಿಮೀಟರ್ ಕಾಗದದ ಪಟ್ಟಿಗೆ ಎರಡೆರಡು ಸೆಂಟಿಮೀಟರಿಗೆ ಗೆರೆ ಎಳೆದುಕೊಂಡರೆ ಅದೇ ಕೆಲಸ ಚೊಕ್ಕವಾಗಿ ಆಗುತ್ತದೆ. ಎಲ್ಲರೂ ಹೊಗಳುವ ಚಪಾತಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ.

ಗೆದ್ದದ್ದು ನಾನು ಲೆಕ್ಕಕ್ಕೇ ಇಟ್ಟಿರದ ಪಾವು. ನಮ್ಮನೆಯಲ್ಲಿ ಅಕ್ಕಿ ಅಳೆಯುವುದು ಇವತ್ತಿಗೂ ಪಾವಿನಲ್ಲೇ. ನಾಲ್ಕು ಪಾವಿಗೆ ಒಂದು ಸೇರು. ಅಮ್ಮ ಹನ್ನೊಂದು ಪಾವು ಅಕ್ಕಿ ಅಳೆಸಿ ‘ಎಷ್ಟು ಸೇರಾಯಿತೇ?’ ಅಂದರು. ‘ಎರಡು ಸೇರು, ಮೂರು ಪಾವು.’ ಅಂದರೆ ಎರಡೂಮುಕ್ಕಾಲು ಸೇರು. 11/4 ಕ್ಕೂ 2¾ ಕ್ಕೂ ನಡುವೆ ಇದ್ದದ್ದು ಇಷ್ಟೇ. ಚಪಾತಿಯಲ್ಲಿ ಚೂರಿಗೆ ಬೇರೆ ಹೆಸರಿರಲಿಲ್ಲ, ಇಲ್ಲಿ ಕಾಲು ಭಾಗಕ್ಕೆ ಪಾವು, ಒಂದಕ್ಕೆ ಸೇರು ಅನ್ನುವ ಹೆಸರೇ ಇದೆ. ಹಾಗಾಗಿ ಮೂರು ಸೇರಿನ ಹನ್ನೆರಡು ಪಾವಿನಲ್ಲಿ ಹನ್ನೊಂದು ಅಂತ ಯಾರೂ 11/12 ಅನ್ನಲಿಲ್ಲ. ‘ಮೂರೂಮುಕ್ಕಾಲು ಸೇರಿಗೆ ಎಷ್ಟು ಪಾವು?’ ಅಂದಾಗ ‘ಮೂರು ಸೇರಿಗೆ ಹನ್ನೆರಡು, ಮೇಲೆ ಮೂರು, ಹದಿನೈದು’ ಎಂದು ನಮ್ಮವಳೇ ಗುಣಿಸಿಬಿಟ್ಟಳು. ಯಾಕೆ ಗುಣಿಸಿದೆ ಅಂತ ಈ ಸಲ ಕೇಳಬೇಕಾಗಲಿಲ್ಲ.

ಅಲ್ಲಿಗೆ ಅಮ್ಮನಿಗೆ ತಮ್ಮ ಕಾಲಿನ ಮಗ್ಗಿ ನೆನಪಾಯಿತು. ಮೂರು ಕಾಲು ಮುಕ್ಕಾಲು, ನಾಲ್ಕು ಕಾಲು ಒಂದು, ಐದು ಕಾಲು ಒಂದೂಕಾಲು, ಆರು ಕಾಲು ಒಂದೂವರೆ, ಏಳು ಕಾಲು ಒಂದೂಮುಕ್ಕಾಲು. ಕೇಳುತ್ತಾ ನನಗೇ ಆಶ್ಚರ್ಯ: ಸಾಲು ಸಾಲಾಗಿ ವಿಷಮವನ್ನು ಮಿಶ್ರ ಮಾಡುವುದೇ ಆ ಮಗ್ಗಿಯ ಕೆಲಸ! ನಮ್ಮ ಮಾತಿನಲ್ಲೇ ಮಿಶ್ರ ಭಿನ್ನರಾಶಿ ತುಂಬಿದೆ. ಹಾಲು ಒಂದೂವರೆ ಲೀಟರ್, ಬಸ್ಸು ಏಳೂಕಾಲಿಗೆ. ಇದರಲ್ಲಿ ಒಂದು ಗುಂಡಿಯೂ ಇದೆ ಅನ್ನಿ. ‘ಏಳು ಕಾಲು’ ಅಂದರೆ 7/4, ‘ಏಳೂಕಾಲು’ ಅಂದರೆ 7¼. ಒಂದು ದೀರ್ಘದಲ್ಲಿ ಐದೂವರೆಯ ವ್ಯತ್ಯಾಸ. ಆ ‘ಊ’ ಅಂದರೆ ‘ಮತ್ತು’, ಕೂಡಿಸು ಅಂತ ಅರ್ಥ ಎಂದು ಹೇಳಿದ ಮೇಲೆ, 7 ರ ಪಕ್ಕದಲ್ಲಿ ¼ ಯಾಕೆ ಸುಮ್ಮನೆ ಅಂಟಿಕೊಂಡಿದೆ ಅನ್ನುವುದೂ ತಿಳಿಯಿತು. ಪಾವಿನ ಮಿತಿಯೂ ಸ್ಪಷ್ಟವೇ: ಛೇದ ನಾಲ್ಕಾದರೆ ಸೊಗಸು, ಎರಡಾದರೂ ಸರಿ. ಐದನೇ ಒಂದು, ಏಳನೇ ಒಂದು ಬಂದರೆ ಅಳೆಯಲು ಪಾತ್ರೆಯೂ ಇಲ್ಲ, ಕರೆಯಲು ಅಂಥ ಬಾಯಿಮಾತೂ ಇಲ್ಲ.

ಛೇದ ಐದಾದಾಗ ನೆರವಾದದ್ದು ನಮ್ಮ ನಡುಮನೆಯ ನೆಲ. ಎರಡಡಿಯ ಟೈಲ್ಸ್, ಅಂದರೆ ಅರವತ್ತು ಸೆಂಟಿಮೀಟರ್. ಹನ್ನೆರಡು ಸೆಂಟಿಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದರೆ ಒಂದು ಟೈಲಿಗೆ ಐದು ಮನೆ. ಗೋಡೆಯ ಕಡೆಯಿಂದ ಹದಿನೇಳು ಹೆಜ್ಜೆ. ಮೊದಲು ಇಬ್ಬರೂ ಹೊರಡುವ ಗೆರೆಯನ್ನೇ ಒಂದು ಅಂತ ಎಣಿಸಿ 16/5 ರಲ್ಲಿ ನಿಂತರು. ಸಂಖ್ಯಾರೇಖೆಯಲ್ಲಿ ಗೆರೆ ಎಣಿಸುವುದಲ್ಲ, ಜಿಗಿತ ಎಣಿಸುವುದು. ಅದು ಸರಿಹೋದ ಮೇಲೆ ಅವನನ್ನು 3⅖ ರಲ್ಲಿ, ಅವಳನ್ನು ಅವಳ 2⅗ ರಲ್ಲಿ ನಿಲ್ಲಿಸಿದೆ. ನಡುವೆ ನಾಲ್ಕು ಮನೆ. ‘ನಾನು 13/5 ರಲ್ಲಿ ನಿಂತಿದ್ದೀನಿ’ ಅಂದಳು. ಮೊದಲ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ. ತೊಂದರೆ ಅಂದರೆ ನೆಲ ಒರೆಸುವುದು, ಮತ್ತು ಛೇದ ಬದಲಾದಾಗಲೆಲ್ಲ ಮತ್ತೆ ಗೆರೆ ಎಳೆಯುವುದು.

ನೆಲದ ಆಟವನ್ನು ಪುಸ್ತಕಕ್ಕೆ ಇಳಿಸಿದರೆ ಅದೇ ಬಿಡಿಸಿ ಬರೆಯುವ ರೀತಿ: 17/5 = 5/5 + 5/5 + 5/5 + 2/5. ಮೂರು ಟೈಲು ದಾಟಿ ಎರಡು ಮನೆ. ಉದ್ದ ಹೌದು, ಆದರೆ ಹೀಗೆ ಬರೆಯಲು ಶುರುಮಾಡಿದ ಮೇಲೆ ಅಂಕಿಗಳು ಅದಲುಬದಲಾಗಲಿಲ್ಲ. ಚೌಕುಳಿ ಪುಸ್ತಕದಲ್ಲಿ ಪೂರ್ಣಾಂಕವನ್ನು ಎರಡು ಚೌಕದೆತ್ತರ ಬರೆಸುವುದು ಒಳ್ಳೆಯದು. ಇಲ್ಲದಿದ್ದರೆ 2⅗ ಹೋಗಿ 23/5 ಆಗಿಬಿಡುತ್ತದೆ, ನಮ್ಮಲ್ಲೇ ಎರಡು ಸಲ ಆಯಿತು.

ನನ್ನನ್ನು ಕೇಳಿದರೆ ಮೊದಲು ಪಾವು, ಆಮೇಲೆ ನೆಲ, ಆಮೇಲೆ ಬಿಡಿಸಿ ಬರೆಯುವುದು. ಸೂತ್ರವನ್ನು ಬಿಡುವಂತಿಲ್ಲ, ಮುಂದೆ ಗುಣಾಕಾರಕ್ಕೆ ಅದು ಬೇಕೇ ಬೇಕು. 2½ × 1⅓ ಕೊಟ್ಟರೆ ಪೂರ್ಣಕ್ಕೆ ಪೂರ್ಣ, ಭಿನ್ನಕ್ಕೆ ಭಿನ್ನ ಗುಣಿಸಿ 2⅙ ಅನ್ನುತ್ತಾರೆ. 5/2 × 4/3 ಮಾಡಿಕೊಂಡರೆ 10/3, ಅಂದರೆ 3⅓ ಸಿಗುತ್ತದೆ.

ಊರಿಗೆ ಹೊರಡುವ ಹಿಂದಿನ ದಿನ 29/6 ಕೊಟ್ಟೆ. ನಮ್ಮವಳು 6/6 ಅನ್ನು ಎರಡು ಸಲ ಬರೆದು ಪೆನ್ಸಿಲ್ ನಿಲ್ಲಿಸಿದಳು. ‘ಆರ್ನಾಲ್ಕ್ಲ ಇಪ್ಪತ್ನಾಲ್ಕು, ಉಳಿದದ್ದು ಐದು. ಇಷ್ಟುದ್ದ ಯಾಕೆ ಬರೀಬೇಕು ಚಿಕ್ಕಮ್ಮ?’ ಎದುರು ಮನೆಯವನು ಮಾತ್ರ 12/4 ಕ್ಕೆ ಇನ್ನೂ 3 0/4 ಎಂದೇ ಬರೆಯುತ್ತಾನೆ. ‘ತಪ್ಪಿಲ್ವಲ್ಲ ಆಂಟಿ?’ ಅನ್ನುತ್ತಾನೆ. ತಪ್ಪೇನೋ ಇಲ್ಲ.