ಹೊಸ ಬಾನೆಟ್ ಕೂರುವವರೆಗೆ ಹಳೇದನ್ನು ಗುಜರಿಗೆ ಹಾಕಬೇಡಿ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರ ಸಿಜೆ-3ಬಿ (ವಿಲ್ಲಿಸ್ ಜೀಪಿನ ಒಂದು ಹಳೇ ಮಾದರಿ) ಈ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿದೆ. ಎಂಜಿನ್ ಸರಿಯಿದೆ, ಗೇರ್‌ಬಾಕ್ಸ್ ಸರಿಯಿದೆ, ಬಣ್ಣವೂ ಹೊಡೆದಾಗಿದೆ. ಬಾನೆಟ್ ಮಾತ್ರ ಮುಚ್ಚುವುದಿಲ್ಲ. ಬಲಗಡೆ, ಗಾಜಿನ ಕೆಳಗಿನ ಕೌಲ್ ಹತ್ತಿರ ತಗಡಿಗೆ ತಗಡು ಉಜ್ಜಿ ಬಣ್ಣ ಎದ್ದಿದೆ. ಎಡಗಡೆ ಅದೇ ಜಾಗದಲ್ಲಿ ಕಿರುಬೆರಳು ಸಲೀಸಾಗಿ ತೂರುತ್ತದೆ.

ಬಾನೆಟ್, ಎರಡು ಮಡ್‌ಗಾರ್ಡ್, ಗ್ರಿಲ್ ಎಲ್ಲವನ್ನೂ ರೆಡಿಮೇಡ್ ತರಿಸಿದ್ದರು. ಪಾರ್ಸೆಲ್ ಬಂದ ವಾರವೇ ಹಳೇ ತಗಡೆಲ್ಲ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಹೊಸದಕ್ಕೆ ಬಿಡಿಬಿಡಿಯಾಗಿಯೇ ಬಣ್ಣ ಹೊಡೆಸಿ ಆಮೇಲೆ ಜೋಡಿಸಲು ಹೊರಟರು. ಕೂರದಿದ್ದಾಗ ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ಬಾನೆಟ್ಟಿನ ಅಂಚು ಸವೆಸಿದರು. ಇದೇ ದೊಡ್ಡ ತಪ್ಪು. ಬಾನೆಟ್ಟಿಗೆ ಗಟ್ಟಿತನ ಬರುವುದೇ ಆ ಮಡಿಚಿದ ಅಂಚಿನಿಂದ. ಅದು ಹೋದರೆ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ತಗಡು ಗಡಗಡ ಅನ್ನುತ್ತದೆ.

ಎಲ್ಲ ಬಿಚ್ಚಿ ಅಳೆದಾಗ ಗೊತ್ತಾದದ್ದು ಬೇರೆಯೇ. ಚಾಸಿಯ ಮುಂಭಾಗದಲ್ಲಿ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಅಳತೆಗಳ ನಡುವೆ 9 ಮಿ.ಮೀ. ವ್ಯತ್ಯಾಸ. ಬಲಗಡೆಯ ಮುಂದಿನ ಬಾಡಿ ಬುಷ್ ಒಣಗಿ ಚಪ್ಪಟೆ. ಬಾನೆಟ್ಟಿನದು ಅರ್ಧ ತಪ್ಪು ಮಾತ್ರ.

ಈ ಜೀಪುಗಳಲ್ಲಿ ಗ್ರಿಲ್ ಕೂರುವುದು ಚಾಸಿಯ ಮೇಲೆ, ಕೌಲ್ ಇರುವುದು ಬಾಡಿಯಲ್ಲಿ, ಬಾಡಿ ಕೂರುವುದು ರಬ್ಬರ್ ಬುಷ್‌ಗಳ ಮೇಲೆ. ಗ್ರಿಲ್ಲಿಗೂ ಕೌಲಿಗೂ ನಡುವೆ ಹಾಸಿದ ಹಲಗೆಯಂತೆ ಬಾನೆಟ್. ಕೆಳಗೆ ಎಲ್ಲೇ ಸೊಟ್ಟ ಇರಲಿ, ಕಾಣಿಸುವುದು ಇಲ್ಲಿ. ಬುಷ್ ಒಂದು ಕಡೆ 3 ಮಿ.ಮೀ. ಕುಸಿದರೂ ಕೌಲ್ ಆ ಕಡೆ ವಾಲುತ್ತದೆ. ಗೊಬ್ಬರ, ಅಡಿಕೆ ಮೂಟೆ ಹೊತ್ತು ತೋಟದ ದಾರಿಯಲ್ಲಿ ದಶಕಗಟ್ಟಲೆ ಓಡಿದ ಗಾಡಿಯ ಚಾಸಿ ನೆಟ್ಟಗಿದೆ ಎಂದು ಅಳೆಯದೆ ನಂಬಬೇಡಿ.

ರೆಡಿಮೇಡ್ ತಗಡಿನ ದೋಷ ಇಲ್ಲವೆಂದಲ್ಲ. ಅಚ್ಚಿನಲ್ಲಿ ಒತ್ತಿದ್ದಕ್ಕೂ ಕೈಯಲ್ಲಿ ಬಡಿದು ಮಡಿಚಿದ್ದಕ್ಕೂ ಅಂಚಿನ ತಿರುವು ಬೇರೆ, ಬೋಲ್ಟ್ ತೂತು ಬೇರೆ. ದಪ್ಪವನ್ನೂ ಕ್ಯಾಲಿಪರ್‌ನಲ್ಲಿ ನೋಡಿ: 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 20 ಗೇಜ್ ಸುಮಾರು 0.9. ತೆಳು ತಗಡು ವೆಲ್ಡಿಂಗ್ ಬಿಸಿಗೆ ಬೇಗ ಅಲೆಯಾಗುತ್ತದೆ. ಇನ್ನೊಂದು, "ವಿಲ್ಲಿಸ್‌ಗೆ ಆಗುತ್ತೆ" ಎಂಬ ಒಂದೇ ಮಾತಿಗೆ ದುಡ್ಡು ಕೊಡಬೇಡಿ. 3ಬಿಯಲ್ಲಿ ಎತ್ತರದ ಎಂಜಿನ್‌ಗಾಗಿ ಗ್ರಿಲ್, ಕೌಲ್, ಬಾನೆಟ್ ಮೂರನ್ನೂ ಎತ್ತರಿಸಿದ್ದಾರೆ. ಅದಕ್ಕಿಂತ ಮುಂಚಿನ 3ಎ ಮಾದರಿಯ ಬಾನೆಟ್ ಇದಕ್ಕೆ ಕೂರುವುದೇ ಇಲ್ಲ.

ಕೆಲಸ ಶುರುವಾಗಬೇಕಾದದ್ದು ಚಾಸಿಯಿಂದ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಗಾರೆಯವರ ನೀರು ತುಂಬಿದ ಲೆವೆಲ್ ಪೈಪಿನಿಂದಲೇ ಮಟ್ಟ ಹಿಡಿಯಿರಿ, ಅದಕ್ಕಿಂತ ನಂಬಿಕೆಯ ಸಾಧನ ಬೇಡ. ಅಡ್ಡ ಅಳತೆಯ ವ್ಯತ್ಯಾಸ 5 ಮಿ.ಮೀ. ದಾಟಿದರೆ ಮೊದಲು ಚಾಸಿ ನೆಟ್ಟಗೆ ಮಾಡಿಸಿ. ಬಾಡಿ ಬುಷ್ ಪೂರ್ತಿ ಸೆಟ್ ಹೊಸದು ಹಾಕಿ, ಒಂದೆರಡು ಮಾತ್ರ ಬದಲಿಸಿದರೆ ಹಳೇ ಕಥೆಯೇ. ಆಮೇಲೆ ಗ್ರಿಲ್, ಮಡ್‌ಗಾರ್ಡ್, ಬಾನೆಟ್ ಎಲ್ಲವನ್ನೂ ಬೋಲ್ಟ್ ಸಡಿಲವಾಗಿಟ್ಟೇ ನಿಲ್ಲಿಸಿ. ಕೌಲ್ ಕಡೆ ಗ್ಯಾಪ್ ಹೊಂದಿಸಿಕೊಂಡು ಮುಂದಕ್ಕೆ ಬನ್ನಿ. ಎರಡೂ ಕಡೆ ಒಂದೇ ಸಮ 4ರಿಂದ 6 ಮಿ.ಮೀ. ಸಿಕ್ಕರೆ ಸಾಕು. ಸಿಗದಿದ್ದರೆ ಬುಷ್ ಕೆಳಗೆ ವಾಷರ್ ಪ್ಯಾಕಿಂಗ್ ಕೊಡಿ, ಬೋಲ್ಟ್ ತೂತನ್ನು ಉದ್ದ ಮಾಡಿ. ತಗಡಿನ ಅಂಚು ಮುಟ್ಟಬೇಡಿ. ಗ್ಯಾಪ್ ಸಿಕ್ಕ ಮೇಲೆ ಬೋಲ್ಟ್ ಬಿಗಿದು, ಹತ್ತು ಸಲ ಬಾನೆಟ್ ತೆಗೆದು ಮುಚ್ಚಿ ನೋಡಿ, ಆಮೇಲೆ ಬಿಚ್ಚಿ ಬಣ್ಣಕ್ಕೆ ಕಳಿಸಿ.

ನೆಲದ ತಗಡು ಕತ್ತರಿಸುವುದಿದ್ದರೆ ಬಾಡಿ ಚಾಸಿಯ ಮೇಲೆ ಬಿಗಿದಿರುವಾಗಲೇ ಬಾಗಿಲ ಜಾಗಗಳಿಗೆ ಅಡ್ಡಲಾಗಿ ಪೈಪ್ ಇಟ್ಟು ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡಿಂಗ್) ಮಾಡಿಸಿ. ಇಲ್ಲದಿದ್ದರೆ ಬಾಡಿ ಬಿರಿದುಕೊಳ್ಳುತ್ತದೆ, ಮತ್ತೆ ಒಳಗೆ ಎಳೆಯುವುದು ಬಹಳ ಕಷ್ಟ. ವೆಲ್ಡಿಂಗ್ ಒಂದಂಗುಲ ಇಲ್ಲಿ, ಒಂದಂಗುಲ ಅಲ್ಲಿ, ತಣಿಯಲು ಬಿಟ್ಟು ಬಿಟ್ಟು.

ಗ್ಯಾಪ್ ಮುಚ್ಚಲು ಪುಟ್ಟಿ ಮೆತ್ತುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಪುಟ್ಟಿ 3 ಮಿ.ಮೀ. ಮೀರಬಾರದು. ಅಂಚಿನಲ್ಲಿ ದಪ್ಪ ಮೆತ್ತಿದ ಪುಟ್ಟಿ ಬಾನೆಟ್ ಅದುರಿದಾಗ ಬಿರಿಯುತ್ತದೆ. ಆ ಬಿರುಕಿಗೆ ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆನೀರು ಇಳಿದರೆ ಪುಟ್ಟಿ ಅದನ್ನು ಹೀರಿಕೊಂಡು ತಗಡಿಗೆ ಒತ್ತಿಟ್ಟುಕೊಳ್ಳುತ್ತದೆ, ಒಳಗಿಂದಲೇ ತುಕ್ಕು. ಬಣ್ಣ ಹೊಡೆದ ಗಾಡಿ ಕೊಳ್ಳುವವರು ಜೇಬಿನಲ್ಲೊಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ; ಅಂಟದ ಜಾಗದಲ್ಲಿ ಪುಟ್ಟಿ ದಪ್ಪಗಿದೆ.

50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಲ್ಲಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆ ಇದ್ದರೆ ಇನ್ನೂ ಹುಷಾರು. ಚಾಸಿ, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು ಎಂಬ ಷರತ್ತು ಅದರಲ್ಲಿದೆ.

ಹಳೇ ತಗಡು ಎಷ್ಟೇ ತುಕ್ಕು ಹಿಡಿದಿರಲಿ, ಅದರ ತಿರುವು, ತೂತಿನ ಅಂತರ ನಿಮ್ಮ ಗಾಡಿಗೇ ಹೊಂದಿದ್ದು. ಫ್ಯಾಕ್ಟರಿಯ ಎರಡು ಗಾಡಿಗಳೂ ಒಂದೇ ಥರ ಇರುತ್ತಿರಲಿಲ್ಲ. ಬಿಸಾಡಲೇಬೇಕಾದರೆ ಮೊದಲು ರಟ್ಟಿನ ಮೇಲಿಟ್ಟು ಅಂಚು, ತೂತು ಗುರುತು ಮಾಡಿ ಕತ್ತರಿಸಿಟ್ಟುಕೊಳ್ಳಿ. ಆ ತೋಟದವರ ಬಳಿ ಈಗ ಅಷ್ಟೂ ಇಲ್ಲ. ಪಕ್ಕದೂರಿನ ಇನ್ನೊಂದು 3ಬಿಯ ಬಾನೆಟ್ ಎರವಲು ತಂದು ಅಳತೆ ಹಿಡಿಯುತ್ತಿದ್ದಾರೆ. ಚಾಸಿ ನೆಟ್ಟಗಾದ ಮೇಲೆ ಬಣ್ಣ ಮತ್ತೆ ಮೊದಲಿನಿಂದ.