ಅಮ್ಮ ಇರೋ ಕೇರ್ ಹೋಮ್: ಬೇರೆಲ್ಲ ಆಮೇಲೆ, ನೀರಿನ ಲೋಟ ಎಲ್ಲಿಟ್ಟಿದಾರೆ ನೋಡಿ

ರೂಮ್ ಎಷ್ಟು ದೊಡ್ಡದು, ಲಿಫ್ಟ್ ಇದ್ಯಾ, ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರ್ತಾರೆ, ಇದೆಲ್ಲ ಅವರ ಪಾಂಪ್ಲೆಟ್ಟಲ್ಲೇ ಇರುತ್ತೆ, ನೀವೂ ನೋಡಿರ್ತೀರ, ಅದನ್ನ ಬಿಟ್ಬಿಡ್ತೀನಿ. ಅಮ್ಮ ಅಲ್ಲಿ ಸೇರಿ ವರ್ಷಗಳಾಯ್ತು, ಇಷ್ಟು ದಿನ ರಿವ್ಯೂ ಬರೀಬೇಕು ಅನ್ಸಿರ್ಲಿಲ್ಲ. ಈಗ ಬರೀತಿರೋದಕ್ಕೆ ಕಾರಣ ನೀರಿನ ಲೋಟ.

ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಸ್ವಾಧೀನ ಇಲ್ಲ. ಮಾತು ಬರುತ್ತೆ, ಸ್ವಲ್ಪ ನಿಧಾನ ಅಷ್ಟೇ, ಬುದ್ಧಿ ಚುರುಕಾಗೇ ಇದೆ. ಮನೇಲಿ ಎತ್ತಿ ಕೂರಿಸೋಕೆ ಇಬ್ಬರು ಬೇಕಿತ್ತು, ಹಗಲೆಲ್ಲ ಮನೇಲಿ ಯಾರೂ ಇರಲ್ಲ. ಫೀಸು ಅಣ್ಣ ನಾನು ಅರ್ಧರ್ಧ ಹಾಕ್ತೀವಿ, ಸಿಂಗಲ್ ರೂಮ್ ನಮ್ಮ ಕೈಲಾಗೋ ಮಾತಲ್ಲ, ಅದಕ್ಕೆ ಇಬ್ಬರಿರೋ ರೂಮು. ಆ ರೂಮಲ್ಲಿ ಅಮ್ಮನ ಮಂಚದ ಪಕ್ಕದ ಟೇಬಲ್ಲು, ಕರೆಯೋ ಬೆಲ್ಲು, ನೀರು, ಕನ್ನಡಕ ಎಲ್ಲಾ ಎಡಗಡೆ. ಅಂದ್ರೆ ಯಾವ ಕೈ ಏಳಲ್ವೋ ಆ ಕಡೆಗೇ.

ಸ್ಟ್ರೋಕ್ ಆದವರನ್ನ ನೋಡ್ಕೊಂಡವರಿಗೆ ಗೊತ್ತಿರುತ್ತೆ, ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ರೆ ಎಡಗೈ ಹೋಗೋದಷ್ಟೇ ಅಲ್ಲ, ಎಷ್ಟೋ ಜನಕ್ಕೆ ಎಡಗಡೆ ಇರೋದು ಗಮನಕ್ಕೇ ಬರಲ್ಲ. ಕಣ್ಣು ಸರಿಯಾಗೇ ಇರುತ್ತೆ, ಆದ್ರೂ ತಟ್ಟೇಲಿ ಎಡಗಡೆ ಇರೋ ಊಟ ಹಾಗೇ ಉಳಿಯುತ್ತೆ. ಅಮ್ಮನಿಗೂ ಹಾಗೇ. ಹಂಗಾಗಿ ಎಡಗಡೆ ಇಟ್ಟ ನೀರು ಅಮ್ಮನ ಪಾಲಿಗೆ ಇಲ್ಲದ ನೀರು. ನಾನು ಕೆಲಸ ಮುಗಿಸ್ಕೊಂಡು ಸಾಯಂಕಾಲ ಹೋಗೋಳು, ಹೇಳದೇ ಹೋಗ್ತೀನಿ. ಹೋದಾಗೆಲ್ಲ ಜಗ್ಗಿನಲ್ಲಿ ನೀರು ಕಂಠದವರೆಗೂ ಹಾಗೇ ಇರ್ತಿತ್ತು, ತುಟಿ ಒಣಗಿರ್ತಿತ್ತು, ಗೋಡೆ ಮೇಲಿನ ಚಾರ್ಟಲ್ಲಿ ಮಾತ್ರ ನೀರು ಕೊಟ್ಟಿದೆ ಅಂತ ಸಾಲಾಗಿ ಟಿಕ್. ಕೇಳಿದ್ರೆ "ಇಟ್ಟಿದೀವಲ್ಲ ಮೇಡಂ, ಅವರು ಕೇಳಲ್ಲ" ಅಂತಾರೆ. ಕೇಳಲ್ಲ ನಿಜ. ವಯಸ್ಸಾದ ಮೇಲೆ ದೇಹಕ್ಕೆ ನೀರು ಬೇಕಾದ್ರೂ ಬಾಯಾರಿಕೆ ಅಷ್ಟಾಗಿ ಗೊತ್ತಾಗಲ್ಲ, ಅದಕ್ಕೇ ಕೇಳಲಿ ಅಂತ ಕಾಯ್ಬಾರದು, ಆಗಾಗ ನಾವೇ ಎರಡೆರಡು ಗುಟುಕು ಕುಡಿಸ್ಬೇಕು. ಆರೈಕೆ ಕೇಂದ್ರ ನಡೆಸೋರಿಗೆ ಇದು ಗೊತ್ತಿರಲೇಬೇಕಾದ ವಿಷಯ.

ಅದರ ಫಲ ಒಂದು ಸಲ ಚೆನ್ನಾಗೇ ಅನುಭವಿಸಿದ್ವಿ. ಇದ್ದಕ್ಕಿದ್ದಂಗೆ ಅಮ್ಮ ತೀರಿಹೋದ ಅಜ್ಜಿ ಜೊತೆ ಮಾತಾಡೋಕೆ ಶುರು ಮಾಡಿದ್ರು, ನನ್ನ ಗುರುತು ಒಂದು ಗಳಿಗೆ ಇರುತ್ತೆ ಇನ್ನೊಂದು ಗಳಿಗೆ ಇಲ್ಲ, ಹಗಲು ಮಂಪರು, ರಾತ್ರಿ ಕೂಗಾಟ. ಮ್ಯಾನೇಜರ್ ಫೋನ್ ಮಾಡಿ, ಮರೆವಿನ ಕಾಯಿಲೆ ಶುರುವಾಗಿದೆ ಅನ್ಸುತ್ತೆ, ಪಕ್ಕದ ಬೆಡ್‌ನವರಿಗೂ ನಿದ್ದೆ ಇಲ್ಲ, ನಿದ್ದೆ ಮಾತ್ರೆ ಶುರು ಮಾಡಿಸೋಣ ಅಂದ್ರು. ನಾನು ಬೇಡ, ಮೊದಲು ಯೂರಿನ್ ಟೆಸ್ಟು ರಕ್ತ ಟೆಸ್ಟು ಮಾಡಿಸಿ ಅಂತ ಪಟ್ಟು ಹಿಡಿದೆ. ಡೆಮೆನ್ಷಿಯಾ ಅನ್ನೋದು ಸಾಮಾನ್ಯವಾಗಿ ತಿಂಗಳು ವರ್ಷಗಟ್ಟಲೆ ನಿಧಾನಕ್ಕೆ ಬರೋದು, ಹೀಗೆ ಒಂದೆರಡು ದಿನದಲ್ಲಿ ಬಂದು ಗಂಟೆಗಂಟೆಗೂ ಏರುಪೇರಾದ್ರೆ ಅದನ್ನ ಡೆಲಿರಿಯಂ ಅಂತಾರೆ, ಅದರ ಹಿಂದೆ ಬೇರೇನೋ ಕಾರಣ ಇರುತ್ತೆ, ಇನ್ಫೆಕ್ಷನ್ನೋ, ನೀರು ಸಾಲದ್ದೋ, ಹೊಸ ಮಾತ್ರೆಯೋ, ಮಲಬದ್ಧತೆಯೂ ಸಾಕು. ಅಮ್ಮನಿಗೆ ಮೈಯಲ್ಲಿ ನೀರೇ ಇರ್ಲಿಲ್ಲ, ಜೊತೆಗೆ ಮೂತ್ರದ ಇನ್ಫೆಕ್ಷನ್. ಡ್ರಿಪ್ಪು, ಆಂಟಿಬಯೋಟಿಕ್ಕು, ಆಮೇಲೆ ನಿಧಾನಕ್ಕೆ ಮೊದಲಿನ ಅಮ್ಮ ವಾಪಸ್ ಬಂದ್ರು. ಆ ಮಾತ್ರೆ ಕೊಟ್ಟಿದ್ರೆ ಅಮ್ಮ ಸುಮ್ಮನಾಗ್ತಿದ್ರು, ಕಾರಣ ಒಳಗೇ ಉಳೀತಿತ್ತು. 1991ರಲ್ಲಿ ಮಾರ್ಕ್ ಬಿಯರ್ಸ್ ಅನ್ನೋ ಅಮೆರಿಕದ ಡಾಕ್ಟರು ಮತ್ತವರ ಜೊತೆಗಾರರು ನರ್ಸಿಂಗ್ ಹೋಮ್‌ನಲ್ಲಿರೋ ವೃದ್ಧರಿಗೆ ಯಾವ್ಯಾವ ಔಷಧಿ ಸರಿಹೋಗಲ್ಲ ಅಂತ ಒಂದು ಪಟ್ಟಿ ಮಾಡಿದ್ರು, ಅದನ್ನ ಇವತ್ತಿಗೂ ತಿದ್ದಿ ತಿದ್ದಿ ಬಳಸ್ತಾರೆ, ಎಷ್ಟೋ ನಿದ್ದೆ ಮಾತ್ರೆಗಳು ಅದರಲ್ಲಿವೆ. ಯಾರಾದ್ರೂ ಮಾತ್ರೆ ಶುರು ಮಾಡೋಣ ಅಂದ್ರೆ ಯಾಕೆ ಅಂತ ಕೇಳಿ, ಡಾಕ್ಟರ್ ಜೊತೆಗೇ ಮಾತಾಡಿ.

ಆಗ ನನಗೆ ಎಷ್ಟು ಸಿಟ್ಟಿತ್ತು ಅಂದ್ರೆ ಜಾಗ ಬದಲಾಯಿಸೇ ಬಿಡ್ತೀನಿ ಅಂತ ಬೇರೆ ಕಡೆ ವಿಚಾರಿಸೋಕೂ ಶುರು ಮಾಡಿದ್ದೆ. ಬಿಡದೇ ಇರೋಕೆ ಕಾರಣ ಒಬ್ಬ ಆಯಾ. ಹೆಸರು ಬೇಡ. ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ಅಮ್ಮನ ಬೆಳಗಿನ ಡ್ಯೂಟಿ ಅವಳಿಗೆ ಬಿತ್ತು, ನಾನು ಆ ವಾರ ರಜೆ ಹಾಕಿದ್ದೆ, ಕೂತು ನೋಡ್ತಿದ್ದೆ. ಬಂದವಳೇ ಅಮ್ಮನ ಬಲಗಡೆ ನಿಂತು ಮುಖ ನೋಡಿ ಮಾತಾಡಿಸ್ತಾಳೆ. "ಅಜ್ಜಿ, ಈಗ ಮುಖ ಒರೆಸೋಣ್ವಾ?" ಅಂತ ಕೇಳಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇನ ಅಮ್ಮನ ಬಲಗೈಗೇ ಕೊಡ್ತಾಳೆ. ಅಮ್ಮ ಒರೆಸ್ಕೋತಾರೆ, ಎಡಗೆನ್ನೆ ಮರೀತಾರೆ, ಇವಳು "ಇನ್ನೊಂದು ಕೆನ್ನೆ ಅಜ್ಜಿ" ಅಂತಾಳೆ, ಅಮ್ಮ ಅದನ್ನೂ ಒರೆಸ್ಕೋತಾರೆ. ಎಷ್ಟು ಹೊತ್ತಾದ್ರೂ ಬಟ್ಟೆ ಕಿತ್ಕೊಳ್ಳಲ್ಲ. ನೈಟಿ ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು ತೋಳಿಗೆ, ಬಿಚ್ಚುವಾಗ ಅದೇ ಕೈ ಕೊನೆಗೆ. ಎತ್ತುವಾಗ ಕೈ ಹಿಡಿದು ಎಳೆಯೋದೇ ಇಲ್ಲ, ಬೆನ್ನಿಗೆ ಕೈ ಕೊಟ್ಟು ಎತ್ತೋದು, ಯಾಕಂದ್ರೆ ಬಲ ಇಲ್ಲದ ಭುಜ ಎಳೆದ್ರೆ ಕೀಲು ಜಾರಿ ತಿಂಗಳುಗಟ್ಟಲೆ ನೋವು. ಮಗ್ಗುಲು ಬದಲಾಯಿಸುವಾಗ ಹಿಮ್ಮಡಿ, ಸೊಂಟದ ಹಿಂದೆ, ಪಕ್ಕೆಯ ಮೂಳೆ ಹತ್ರ ಎಲ್ಲಾದ್ರೂ ಬಣ್ಣ ಬದಲಾಗಿದ್ಯಾ ಅಂತ ನೋಡಿ ಬೆರಳಲ್ಲಿ ಒತ್ತುತ್ತಾಳೆ. ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದ್ರೆ ಸ್ವಲ್ಪ ಸಮಾಧಾನ, ಒತ್ತಿದ್ರೂ ಕೆಂಪು ಹೋಗ್ಲಿಲ್ಲ ಅಂದ್ರೆ ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣು ಶುರು ಅಂತ, ತಕ್ಷಣ ಸಿಸ್ಟರ್‌ಗೆ ಹೇಳ್ತಾಳೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡ್ತಾಳೆ. ಏರ್ ಬೆಡ್ ಇದೆ ಅಂತ ಮಗ್ಗುಲು ಬದಲಾಯಿಸೋದನ್ನ ಬಿಡಲ್ಲ. ಇಷ್ಟು ವರ್ಷದಲ್ಲಿ ಅಮ್ಮನಿಗೆ ಒಂದು ಹುಣ್ಣೂ ಆಗಿಲ್ಲ, ಅದಕ್ಕೆ ಇಂಥ ಕೈಗಳೇ ಕಾರಣ ಅಂತ ಪೂರ್ತಿ ನಂಬಿದೀನಿ.

ಅವಳೇ ಟೇಬಲ್ ಎಳೆದು ಬಲಗಡೆ ಹಾಕಿದ್ದು, ನಾನು ಬಾಯಿಬಿಡೋ ಮುಂಚೆ. ಬೆಲ್ಲಿನ ವೈರ್‌ನ ತಲೆದಿಂಬಿನ ಮೇಲಿಂದ ತಂದು ಬಲಗೈ ಹತ್ರ ಪಿನ್ ಮಾಡಿದಳು. ನಾನು ಮುಚ್ಚಳ, ಹಿಡಿ ಇರೋ ಲೋಟ ತಂದ್ಕೊಟ್ಟೆ. ಹಾಸಿಗೆ ತಲೆಭಾಗ ನೆಟ್ಟಗೆ ಎತ್ತಿ ಕೂರಿಸಿದ್ರೆ ಅಮ್ಮ ತಾವೇ ಕುಡೀತಾರೆ. (ನುಂಗೋದು ಸರಿ ಇದ್ಯಾ ಅಂತ ಮೊದಲೇ ಪರೀಕ್ಷೆ ಮಾಡಿಸಿದ್ವಿ. ಸ್ಟ್ರೋಕ್ ಆದವರಲ್ಲಿ ನುಂಗೋ ತೊಂದ್ರೆ ಇದ್ರೆ ಹೀಗೆ ಲೋಟ ಕೈಗೆ ಕೊಡಬೇಡಿ, ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗ್ಬಹುದು.)

ಒಂದಿನ ಅವಳನ್ನೇ ಕೇಳ್ದೆ, ಬೇರೆಯವರು ಯಾಕೆ ನೀರು ಕುಡಿಸಲ್ಲ ಅಂತ. "ಅಕ್ಕ, ರಾತ್ರಿ ಇಡೀ ಫ್ಲೋರಿಗೆ ಒಬ್ಬಳೇ ಇರ್ತಾಳೆ. ಎಲ್ಲರಿಗೂ ಚೆನ್ನಾಗಿ ಕುಡಿಸಿದ್ರೆ ಡೈಪರ್ ಯಾರು ಬದಲಾಯಿಸ್ಬೇಕು?" ಅಂದಳು. ಅವತ್ತಿಂದ ಆಯಾಗಳ ಮೇಲಿನ ಸಿಟ್ಟು ಇಳೀತು, ಮ್ಯಾನೇಜ್‌ಮೆಂಟ್ ಮೇಲಿನದು ಇಳಿದಿಲ್ಲ. ಒಬ್ಬಳ ಕೈಲಿ ಇಷ್ಟು ಜನರನ್ನ ಬಿಟ್ಟು ಚಾರ್ಟ್ ತುಂಬಿಸು ಅಂದ್ರೆ ಅವಳು ಟಿಕ್ ಹಾಕ್ತಾಳೆ, ಇನ್ನೇನು ಮಾಡ್ತಾಳೆ?

ಇನ್ನೊಂದು ತೊಂದ್ರೆ, ಆಗಾಗ ಫ್ಲೋರ್ ಬದಲಾಯಿಸ್ತಾರೆ. ಆ ಹುಡುಗಿ ಮೇಲಿನ ಫ್ಲೋರಿಗೆ ಹೋದಳು, ಹೊಸಬರು ಬಂದ್ರು, ನೆಲ ಒರೆಸುವಾಗ ಟೇಬಲ್ ಮತ್ತೆ ಎಡಗಡೆಗೆ ಹೋಯ್ತು. ನಾನು ಗೋಡೆ ಮೇಲೆ ದಪ್ಪಕ್ಷರದಲ್ಲಿ "ನೀರು, ಬೆಲ್, ಕನ್ನಡಕ ಬಲಗಡೆ" ಅಂತ ಬರೆದು ಅಂಟಿಸಿದೀನಿ. ವಾರದ ದಿನ ಸರಿ ಇರುತ್ತೆ, ಭಾನುವಾರ ಬದಲಿ ಜನ ಬಂದ್ರೆ ಮತ್ತೆ ಅದೇ ಕಥೆ. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳಿಗೆ ಸರ್ಕಾರವೇ 2008ರಿಂದ ಐದರವರೆಗೆ ಸ್ಟಾರ್ ಕೊಡುತ್ತೆ, 2022ರಿಂದ ಎಷ್ಟು ಸಿಬ್ಬಂದಿ ಕೆಲಸ ಬಿಟ್ಟು ಹೋಗ್ತಾರೆ, ವಾರದ ಕೊನೇಲಿ ಎಷ್ಟು ಜನ ಇರ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ತಗೋತಾರೆ. ಎಲ್ಲಾ ಕಡೆ ಅಷ್ಟು ಮಾಹಿತಿ ಸಿಗಲ್ಲ, ನೀವೇ ಬಾಯಿಬಿಟ್ಟು ಕೇಳ್ಬೇಕು: ಇಲ್ಲಿ ತುಂಬಾ ಹಳಬರು ಯಾರು, ಅಮ್ಮನಿಗೆ ದಿನಾ ಅದೇ ಜನ ಬರ್ತಾರಾ, ರಾತ್ರಿ ಎಷ್ಟು ಜನ.

ಊಟ ಪರವಾಗಿಲ್ಲ. ಕ್ಲೀನ್ ಇದೆ. ತೂಕ ಪ್ರತಿ ತಿಂಗಳು ಬರೆದಿಡ್ತಾರೆ, ಕೇಳಿದ್ರೆ ರಿಜಿಸ್ಟರ್ ತೋರಿಸ್ತಾರೆ, ಇದು ಒಳ್ಳೇದು, ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಇಳಿದ್ರೆ ಡಾಕ್ಟರ್ ನೋಡಲೇಬೇಕು. ಯಾರನ್ನೂ ಕುರ್ಚಿಗೆ ಕಟ್ಟಿ ಕೂರಿಸಿದ್ದು ನಾನು ಕಂಡಿಲ್ಲ.

ಜಾಗ ನೋಡೋಕೆ ಹೋಗೋರು ಭಾನುವಾರ ಸಾಯಂಕಾಲ ಹೋಗಿ. ಸೋಫಾ ಮೇಲೆ ಕೂರಿಸಿ ಮಾತಾಡಿಸ್ತಾರೆ, ಕೂರಬೇಡಿ, ಒಪ್ಪಿಗೆ ಕೇಳ್ಕೊಂಡು ಒಳಗೆ ಹೋಗಿ ಮಲಗಿರೋರ ಕೈ ಎಲ್ಲಿದೆ, ಲೋಟ ಎಲ್ಲಿದೆ, ಬೆಲ್ ಎಲ್ಲಿದೆ ಅಂತ ನೋಡಿ. ಯಾರಾದ್ರೂ ಬೆಲ್ ಒತ್ತಿದ್ರೆ ಎಷ್ಟು ಹೊತ್ತಿಗೆ ಬರ್ತಾರೆ ಅಂತ ಅಲ್ಲೇ ನಿಂತು ನೋಡಿ.

ಸದ್ಯಕ್ಕೆ ಐದಕ್ಕೆ ಮೂರು ಕೊಡ್ತಿದೀನಿ. ನಮ್ಮ ಬಜೆಟ್‌ನಲ್ಲಿ ನೋಡಿದ ಬೇರೆ ಜಾಗಗಳಿಗಿಂತ ಇದು ವಾಸಿ, ಅಮ್ಮನಿಗೂ ಪಕ್ಕದ ಬೆಡ್‌ನ ಅಜ್ಜಿ ಜೊತೆ ಸ್ನೇಹ ಆಗಿದೆ, ಎಬ್ಬಿಸ್ಕೊಂಡು ಹೋಗೋಕೆ ಮನಸ್ಸಿಲ್ಲ. ರಾತ್ರಿಗೆ ಇನ್ನೊಬ್ಬ ಆಯಾನ ಹಾಕ್ತೀವಿ ಅಂತ ಮ್ಯಾನೇಜರ್ ಮೊನ್ನೆ ಮೀಟಿಂಗಲ್ಲಿ ಎಲ್ಲಾ ಮನೆಯವರ ಮುಂದೆ ಹೇಳಿದಾರೆ. ಹಾಕಿದ್ರೆ ಇನ್ನೊಂದು ಸ್ಟಾರ್ ಸೇರಿಸಿ ಇಲ್ಲೇ ಅಪ್‌ಡೇಟ್ ಮಾಡ್ತೀನಿ.